ಸುಂಕ ಹೋಯಿತು, ಹಡಗು ಬರಬೇಕಲ್ಲ: ಆಫ್ರಿಕಾದ ಮಾರುಕಟ್ಟೆಗೆ ಹೊರಟ ಮಾರಿಷಸ್

(ಮಂಗಳೂರಿನಲ್ಲಿ ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ನಿಮ್ಮ ಮೊಬೈಲಿನಲ್ಲೇ ನಕ್ಷೆ ತೆಗೆದು ನೋಡಿ. ಮಡಗಾಸ್ಕರ್ ಹುಡುಕಿ. ಅದರಿಂದ ಪೂರ್ವಕ್ಕೆ ಸುಮಾರು 900 ಕಿಲೋಮೀಟರ್ ಬನ್ನಿ. ಒಂದು ಚುಕ್ಕಿ ಕಾಣುತ್ತದಲ್ಲ, ಅದೇ ಮಾರಿಷಸ್. ರೊಡ್ರಿಗಸ್ ಮತ್ತು ಉಳಿದ ಸಣ್ಣ ದ್ವೀಪಗಳನ್ನೆಲ್ಲ ಸೇರಿಸಿದರೂ 2,040 ಚದರ ಕಿಲೋಮೀಟರ್. ನಮ್ಮ ಉಡುಪಿ ಜಿಲ್ಲೆ ಅದಕ್ಕಿಂತ ದೊಡ್ಡದು. ಜನ ಹನ್ನೆರಡೂವರೆ ಲಕ್ಷದಷ್ಟು. ಇಷ್ಟು ಸಣ್ಣ ದೇಶ ತನ್ನೊಳಗೇ ಮಾರಿಕೊಂಡು ಬದುಕಲು ಆಗುವುದಿಲ್ಲ. ಹೊರಗೆ ಮಾರಲೇಬೇಕು. ಯಾರಿಗೆ ಮಾರುವುದು ಅನ್ನುವುದೇ ಆ ದೇಶದ ಇಡೀ ಆರ್ಥಿಕ ಇತಿಹಾಸ.

ಮಾರಿಷಸ್ ಆಫ್ರಿಕಾದ ದೇಶ. 1968ರ ಮಾರ್ಚ್ 12ರಂದು ಸ್ವತಂತ್ರವಾಯಿತು, ಅದೇ ವರ್ಷ ಆಫ್ರಿಕನ್ ಏಕತಾ ಸಂಘಟನೆಗೆ ಸೇರಿತು, 1976ರಲ್ಲಿ ಆ ಸಂಘಟನೆಯ ಶೃಂಗಸಭೆ ರಾಜಧಾನಿ ಪೋರ್ಟ್ ಲೂಯಿಸ್‌ನಲ್ಲೇ ನಡೆಯಿತು. ಆದರೆ ಅದರ ವ್ಯಾಪಾರದ ಮುಖ ಮಾತ್ರ ಬಹಳ ಕಾಲ ಲಂಡನ್ ಕಡೆಗೆ, ಪ್ಯಾರಿಸ್ ಕಡೆಗೆ ಇತ್ತು. ಪಕ್ಕದ ಖಂಡದ ಕಡೆಗೆ ಆ ಮುಖ ತಿರುಗಿದ್ದು ಹೇಗೆ, ತಿರುಗಿದ ಮೇಲೆ ಏನೇನು ಎದುರಾಯಿತು ಅನ್ನುವುದು ಇವತ್ತಿನ ವಿಷಯ. ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರಿಕೆಗಳು ಒಪ್ಪಂದಕ್ಕೆ ಸಹಿ ಬಿದ್ದ ದಿನ ದೊಡ್ಡ ಸುದ್ದಿ ಮಾಡುತ್ತವೆ. ನಾನು ಬಂದರಿನ ಕಡೆ ಕೆಲಸ ಮಾಡಿದವನು. ಸಹಿ ಬಿದ್ದ ದಿನ ಒಂದು ಕಂಟೇನರೂ ಅಲ್ಲಾಡುವುದಿಲ್ಲ. ಹಡಗು, ದಾಖಲೆ, ಹಣ ಬರುವ ದಾರಿ, ನಂಬಿಕೆ, ಇವು ಕೂಡಿ ಬಂದಾಗಲೇ ಸರಕು ಹೊರಡುತ್ತದೆ. ಮಾರಿಷಸ್ ಇದನ್ನು ಬೇರೆಯವರಿಗಿಂತ ಬೇಗ ತಿಳಿದುಕೊಂಡಿತು, ಹಾಗಾಗಿ ಅದರ ಕಥೆ ಓದುವಂಥದ್ದು.

ಸ್ವಲ್ಪ ಹಿಂದಕ್ಕೆ ಹೋಗೋಣ. ಈ ದ್ವೀಪದಲ್ಲಿ ಮೂಲನಿವಾಸಿಗಳೇ ಇರಲಿಲ್ಲ. ಡಚ್ಚರು ಬಂದರು, ಜಾವಾದಿಂದ ಕಬ್ಬು ತಂದು ನೆಟ್ಟರು, 1710ರಲ್ಲಿ ಬಿಟ್ಟು ಹೋದರು. 1715ರಲ್ಲಿ ಫ್ರೆಂಚರು ಬಂದರು. 1810ರಲ್ಲಿ ಬ್ರಿಟಿಷರು ಗೆದ್ದುಕೊಂಡರು. ಆಫ್ರಿಕಾದ ಜೊತೆ ಈ ದ್ವೀಪದ ಮೊದಲ ದೊಡ್ಡ ವ್ಯಾಪಾರ ಯಾವುದು ಗೊತ್ತಾ? ಮನುಷ್ಯರದು. ಮಡಗಾಸ್ಕರ್‌ನಿಂದ, ಮೊಜಾಂಬಿಕ್ ಕರಾವಳಿಯಿಂದ ಗುಲಾಮರನ್ನು ಹಡಗಿನಲ್ಲಿ ತುಂಬಿ ತಂದರು. 1835ರಲ್ಲಿ ಗುಲಾಮಗಿರಿ ನಿಂತಿತು. ಅದಕ್ಕೆ ಸ್ವಲ್ಪ ಮೊದಲೇ, 1834ರಿಂದ, ಭಾರತದಿಂದ ಕರಾರು ಕೂಲಿಗಳು ಬರತೊಡಗಿದರು. ಅವರು ಇಳಿದ ಜಾಗ ಆಪ್ರವಾಸಿ ಘಾಟ್ ಈಗ ವಿಶ್ವ ಪರಂಪರೆಯ ತಾಣ. ತಪ್ಪಿಸಿಕೊಂಡ ಗುಲಾಮರು ಅಡಗಿದ್ದ ಲೆ ಮಾರ್ನ್ ಬೆಟ್ಟವೂ ಹಾಗೇ. ಒಂದು ಸಣ್ಣ ದೇಶಕ್ಕೆ ಎರಡು ವಿಶ್ವ ಪರಂಪರೆಯ ತಾಣ, ಎರಡೂ ದುಡಿಯಲು ತಂದ ಜನರ ನೆನಪು. ಆಫ್ರಿಕಾದ ವ್ಯಾಪಾರದ ಬಗ್ಗೆ ಅಲ್ಲಿ ಮಾತಾಡುವಾಗ ಈ ಹಿನ್ನೆಲೆ ಮನಸ್ಸಿನಲ್ಲಿರಬೇಕು.

ಸ್ವಾತಂತ್ರ್ಯ ಬಂದಾಗ ರಫ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಪಾಲು ಸಕ್ಕರೆಯದೇ. 1961ರಲ್ಲೇ ಜೇಮ್ಸ್ ಮೀಡ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ, ಜನ ಹೆಚ್ಚುತ್ತಿದ್ದಾರೆ, ಬೆಳೆ ಒಂದೇ, ಮುಂದೆ ಬಹಳ ಕಷ್ಟ ಅಂತ ಎಚ್ಚರಿಸಿದ್ದರು. ಮೀಡ್ ಅವರಿಗೆ 1977ರಲ್ಲಿ ನೊಬೆಲ್ ಬಂತು. ಅವರು ಹೆದರಿದ್ದು ಮಾತ್ರ ಆಗಲಿಲ್ಲ. ಯಾಕೆ ಆಗಲಿಲ್ಲ ಅಂದರೆ ಎರಡು ಆಸರೆ ಸಿಕ್ಕವು.

ಮೊದಲನೆಯದು ಯುರೋಪಿನ ಸಕ್ಕರೆ ಒಪ್ಪಂದ, 1975ರದು. ವರ್ಷಕ್ಕೆ ಸುಮಾರು 5 ಲಕ್ಷ ಟನ್ ಸಕ್ಕರೆಯನ್ನು ಯುರೋಪು ನಿಗದಿ ಬೆಲೆಗೆ ಕೊಳ್ಳುತ್ತಿತ್ತು. ಆ ಬೆಲೆ ಎಷ್ಟೋ ವರ್ಷ ಜಗತ್ತಿನ ಮಾರುಕಟ್ಟೆ ದರದ ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು. ಎರಡನೆಯದು ಬಟ್ಟೆ. 1970ರಲ್ಲಿ ರಫ್ತು ವಲಯದ ಕಾಯ್ದೆ ಮಾಡಿದರು. ಆಗ ಶ್ರೀಮಂತ ದೇಶಗಳು ಬಟ್ಟೆ ಆಮದಿಗೆ ದೇಶವಾರು ಕೋಟಾ ಇಟ್ಟಿದ್ದವು. ಹಾಂಗ್‌ಕಾಂಗ್‌ನ ಕಾರ್ಖಾನೆಯವರ ಕೋಟಾ ತುಂಬಿಹೋಗಿತ್ತು. ಮಾರಿಷಸ್‌ಗೆ ಯುರೋಪಿನ ಬಾಗಿಲು ತೆರೆದಿತ್ತು. ಹಾಗಾಗಿ ಅವರು ಇಲ್ಲಿಗೆ ಬಂದು ಹೊಲಿಗೆ ಯಂತ್ರ ಹಾಕಿದರು. ಮನೆಯಲ್ಲಿದ್ದ ಹೆಣ್ಣುಮಕ್ಕಳಿಗೆ ಕೈತುಂಬ ಕೆಲಸ ಸಿಕ್ಕಿತು. 1980ರ ದಶಕದಲ್ಲಿ ಆ ದೇಶ ಮೇಲೆ ಬಂದಿದ್ದು ಹೀಗೆ.

ಎರಡೂ ಆಸರೆ ಹೆಚ್ಚುಕಮ್ಮಿ ಒಟ್ಟಿಗೇ ಹೋದವು. 2005ರ ಜನವರಿ 1ಕ್ಕೆ ಬಟ್ಟೆಯ ಕೋಟಾ ವ್ಯವಸ್ಥೆ ಮುಗಿಯಿತು. ಕೋಟಾ ಇಲ್ಲ ಅಂದ ಮೇಲೆ ಹಾಂಗ್‌ಕಾಂಗ್‌ನವರಿಗೆ ಇಲ್ಲಿ ಏನು ಕೆಲಸ? ಕೆಲವರು ಮೊದಲೇ ಗಂಟು ಕಟ್ಟಿದ್ದರು. ಸಾವಿರಾರು ಹೆಣ್ಣುಮಕ್ಕಳು ಕೆಲಸ ಕಳೆದುಕೊಂಡರು. 2006ರಿಂದ ನಾಲ್ಕು ವರ್ಷಗಳಲ್ಲಿ ಯುರೋಪು ಸಕ್ಕರೆಯ ಬೆಲೆಯನ್ನು ಶೇ 36ರಷ್ಟು ಇಳಿಸಿತು. 2009ಕ್ಕೆ ಹಳೆಯ ಒಪ್ಪಂದವೇ ಮುಗಿಯಿತು. ಈಗ ಆ ದೇಶ ವರ್ಷಕ್ಕೆ ಎರಡೂವರೆ ಲಕ್ಷ ಟನ್ನಿನಷ್ಟೂ ಸಕ್ಕರೆ ಮಾಡುತ್ತಿಲ್ಲ. ನಮ್ಮ ಕರ್ನಾಟಕ ಒಳ್ಳೆಯ ವರ್ಷದಲ್ಲಿ 40 ಲಕ್ಷ ಟನ್ನಿಗೂ ಜಾಸ್ತಿ ಮಾಡುತ್ತದೆ, ಲೆಕ್ಕಕ್ಕಿರಲಿ. ಸಣ್ಣ ಹಿಡುವಳಿಯ ರೈತರು ಕಬ್ಬು ಬಿಟ್ಟು ಹೊಲ ಹಾಳುಬಿಟ್ಟಿದ್ದಾರೆ. ಸಕ್ಕರೆ ಈಗ ಪ್ಯಾಕೆಟ್ಟಿನ ವಿಶೇಷ ಸಕ್ಕರೆಯಾಗಿ, ಡೆಮೆರಾರಾ, ಮಸ್ಕೊವಾಡೊ ಅಂತ ಹೆಸರು ಹೊತ್ತು ಹೋಗುತ್ತದೆ.

ಪಕ್ಕದ ಖಂಡದ ಕಡೆ ಗಂಭೀರವಾಗಿ ತಿರುಗಿದ್ದು ಈ ಪೆಟ್ಟು ಬಿದ್ದ ಮೇಲೆ. ಬಾಗಿಲು ಮಾತ್ರ ಮೊದಲೇ ತೆರೆದಿತ್ತು. ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ದೇಶಗಳ ಕೊಮೆಸಾ ಕೂಟದಲ್ಲಿ ಮಾರಿಷಸ್ ಇತ್ತು. 2000ದಲ್ಲಿ ಅಲ್ಲಿ ಒಂಬತ್ತು ದೇಶಗಳು ಸುಂಕವಿಲ್ಲದ ವ್ಯಾಪಾರ ಶುರು ಮಾಡಿದಾಗ ಅದರಲ್ಲೂ ಇತ್ತು. 1995ರಲ್ಲಿ ಸಾಡಿಕ್ ಎಂಬ ದಕ್ಷಿಣದ ಕೂಟಕ್ಕೂ ಸೇರಿತು. ದಕ್ಷಿಣ ಆಫ್ರಿಕಾ ಇರುವುದು ಸಾಡಿಕ್‌ನಲ್ಲಿ, ಕೀನ್ಯಾ ಇರುವುದು ಕೊಮೆಸಾದಲ್ಲಿ. ಎರಡರಲ್ಲೂ ಕಾಲಿಟ್ಟಿದ್ದು ಜಾಣತನ.

ಈಗ ಒಂದು ಟೀ ಶರ್ಟನ್ನು ಹಿಡಿದು ಹೊರಡೋಣ. ಪೋರ್ಟ್ ಲೂಯಿಸ್‌ನಿಂದ ಡರ್ಬನ್‌ಗೆ. ದಕ್ಷಿಣ ಆಫ್ರಿಕಾ ಹೊರಗಿನಿಂದ ಬರುವ ಸಿದ್ಧ ಉಡುಪಿನ ಮೇಲೆ ಶೇ 45 ಸುಂಕ ಹಾಕುತ್ತದೆ. ನೂರು ರೂಪಾಯಿಯ ಶರ್ಟು ಬಂದರು ದಾಟುವಾಗಲೇ 145 ಆಯಿತು. ಸಾಡಿಕ್ ದೇಶದ್ದಾದರೆ ಸುಂಕ ಸೊನ್ನೆ. 45 ರೂಪಾಯಿ ವ್ಯತ್ಯಾಸ! ಇಷ್ಟು ದೊಡ್ಡ ಲಾಭ ಇದ್ದರೆ ಎಲ್ಲರೂ ಏನು ಯೋಚಿಸುತ್ತಾರೆ? ಚೀನಾದಿಂದ ಶರ್ಟು ತಂದು, ಚೀಟಿ ಬದಲಿಸಿ, ಡರ್ಬನ್‌ಗೆ ಕಳಿಸೋಣ ಅಂತ. ಅದನ್ನು ತಡೆಯಲಿಕ್ಕೆ ಇರುವುದು ಮೂಲದ ನಿಯಮ. ಸಾಡಿಕ್ ಬಟ್ಟೆಗೆ ಎರಡು ಹಂತ ಕೇಳುತ್ತದೆ. ನೂಲು ಎಲ್ಲಿಂದಲಾದರೂ ಬರಲಿ. ಆದರೆ ನೂಲಿನಿಂದ ಬಟ್ಟೆ ಆಗುವ ಕೆಲಸ ಮತ್ತು ಬಟ್ಟೆ ಉಡುಪಾಗುವ ಕೆಲಸ, ಎರಡೂ ಈ ಕೂಟದ ದೇಶಗಳ ಒಳಗೇ ನಡೆದಿರಬೇಕು. ಚೀನಾದ ಥಾನು ತಂದು ಸುಮ್ನೆ ಹೊಲಿದು ಕಳಿಸಿದರೆ ಶೇ 45 ಕಟ್ಟು ಅಂತಾರೆ.

ಇಲ್ಲೇ ಮಾರಿಷಸ್‌ಗೆ ತನ್ನ ಹಳೆಯ ಶ್ರಮ ಕೈಹಿಡಿಯಿತು. ಕೋಟಾ ಕಾಲದಲ್ಲಿ ಬರೀ ಹೊಲಿಗೆ ಕಲಿತು ನಿಂತ ದೇಶಗಳು ಎಷ್ಟೋ ಇವೆ. ಮಾರಿಷಸ್‌ನವರು ಹೆಣೆಯುವ ಯಂತ್ರ, ಬಣ್ಣ ಹಾಕುವ ಘಟಕ, ನೂಲಿನ ಗಿರಣಿ, ಡೆನಿಮ್ ನೇಯ್ಗೆ ಎಲ್ಲ ಹಾಕಿಕೊಂಡಿದ್ದರು. ಹಾಗಾಗಿ ಎರಡು ಹಂತದ ನಿಯಮ ಬೇರೆಯವರಿಗೆ ಗೋಡೆಯಾದಾಗ ಇವರಿಗೆ ಬಾಗಿಲಾಯಿತು. ದಕ್ಷಿಣ ಆಫ್ರಿಕಾದ ದೊಡ್ಡ ಬಟ್ಟೆ ಅಂಗಡಿಗಳಿಗೆ ಸರಕು ಹೋಗತೊಡಗಿತು. ಇನ್ನೊಂದು ವಿಷಯವೂ ಇದೆ. ಜೊಹಾನ್ಸ್‌ಬರ್ಗ್‌ನ ಅಂಗಡಿಯವನಿಗೆ ಚಳಿಗಾಲದ ಮಾಲು ಬೇಕಾಗುವುದು ಯುರೋಪಿನವನಿಗೆ ಬೇಸಿಗೆ ಇದ್ದಾಗ. ಯುರೋಪಿನ ಆರ್ಡರ್ ಕಡಿಮೆ ಇರುವ ತಿಂಗಳಲ್ಲಿ ಯಂತ್ರ ಖಾಲಿ ಕೂರುವುದಿಲ್ಲ. ಕಾರ್ಖಾನೆ ನಡೆಸುವವರಿಗೆ ಇದರ ಬೆಲೆ ಗೊತ್ತು.

ಮೂಲದ ನಿಯಮದ ಮಾತು ಬಂತು, ಸ್ವಲ್ಪ ದಾರಿ ಬಿಟ್ಟು ನಮ್ಮ ಊರಿಗೆ ಬರುತ್ತೇನೆ. ನಮ್ಮ ಕರಾವಳಿಯ ಗೇರು ಕಾರ್ಖಾನೆಗಳಿಗೆ ಇಲ್ಲಿಯ ಬೀಜ ಸಾಲುವುದಿಲ್ಲ. ಟಾಂಜಾನಿಯಾ, ಮೊಜಾಂಬಿಕ್, ಬೆನಿನ್, ಗಿನಿ ಬಿಸಾವ್, ಐವರಿ ಕೋಸ್ಟ್ ಕಡೆಯಿಂದ ಹಸಿ ಗೇರುಬೀಜ ನಮ್ಮ ಬಂದರಿಗೆ ಬರುತ್ತದೆ. ತೀರ ಹಿಂದುಳಿದ ದೇಶಗಳಿಗೆ ಭಾರತ 2008ರಲ್ಲಿ ಸುಂಕ ರಿಯಾಯಿತಿ ಕೊಟ್ಟಿತು. ಟಾಂಜಾನಿಯಾದ ಬೀಜ ಆ ಲೆಕ್ಕಕ್ಕೆ ಬರುತ್ತದೆ, ಐವರಿ ಕೋಸ್ಟ್‌ದು ಬರುವುದಿಲ್ಲ. ರಿಯಾಯಿತಿ ಬೇಕಾದರೆ ಸರಕು ಆ ದೇಶದ್ದೇ ಅನ್ನುವ ಮೂಲದ ಪ್ರಮಾಣಪತ್ರ ಬೇಕು. ಒಮ್ಮೆ ನಮ್ಮ ಕಚೇರಿಗೆ ಬಂದ ದಾಖಲೆಯಲ್ಲಿ ಪ್ರಮಾಣಪತ್ರದ ಚೀಲದ ಲೆಕ್ಕಕ್ಕೂ ಬಿಲ್ ಆಫ್ ಲೇಡಿಂಗ್‌ನ, ಅಂದರೆ ಹಡಗು ಕಂಪನಿ ಕೊಡುವ ಸರಕಿನ ರಸೀದಿಯ, ಲೆಕ್ಕಕ್ಕೂ ತಾಳೆ ಆಗಲಿಲ್ಲ. ಅಲ್ಲಿ ಬೆರಳಚ್ಚು ಮಾಡಿದವರು ಒಂದು ಅಂಕಿ ಬಿಟ್ಟಿದ್ದರು, ಅಷ್ಟೇ. ಸರಿಪಡಿಸಿದ ಕಾಗದ ಬರುವ ತನಕ ಕಂಟೇನರ್ ಅಲ್ಲೇ ನಿಂತಿತು. ಡೆಮರೇಜ್, ಅಂದರೆ ತಡವಾಗಿದ್ದಕ್ಕೆ ಕಟ್ಟುವ ದಂಡ, ದಿನದಿನಕ್ಕೆ ಏರಿತು. ಸುಂಕದಲ್ಲಿ ಉಳಿಯಬೇಕಾಗಿದ್ದ ದುಡ್ಡು ಅದರಲ್ಲೇ ಹೋಯಿತು. ಒಳಗಿದ್ದದ್ದು ಬೀಜ, ತೇವ ಕುಡಿದರೆ ಮುಗಿಯಿತು. ಕಾರ್ಖಾನೆ ಮಾಲೀಕರು ಬಂದು ನಮ್ಮ ಕಚೇರಿಯಲ್ಲಿ ಕೂತುಬಿಟ್ಟಿದ್ದರು, ಪಾಪ. ಒಪ್ಪಂದದಲ್ಲಿ ಸುಂಕ ಸೊನ್ನೆ ಅಂತ ಓದಿದಾಗಲೆಲ್ಲ ನನಗೆ ಆ ಒಂದು ಅಂಕಿ ಕಣ್ಣಿಗೆ ಬರುತ್ತದೆ.

ಸರಿ, ಮತ್ತೆ ಮಾರಿಷಸ್‌ಗೆ. ಈಗ ಹಡಗಿನ ಮಾತು.

ಆಫ್ರಿಕಾ ಮಾರುಕಟ್ಟೆ, ಆಫ್ರಿಕಾ ಮಾರುಕಟ್ಟೆ ಅಂತ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಪೋರ್ಟ್ ಲೂಯಿಸ್‌ನ ಕಟ್ಟೆಯ ಮೇಲೆ ನಿಂತು ನೋಡಿದರೆ ಅದು ಒಂದು ಮಾರುಕಟ್ಟೆ ಅಲ್ಲವೇ ಅಲ್ಲ. ಮಡಗಾಸ್ಕರ್‌ನ ತೊವಾಮಾಸಿನ ಬಂದರು 900 ಕಿಲೋಮೀಟರ್. ಮೊಂಬಾಸಾ ಸುಮಾರು 2,600. ಡರ್ಬನ್ ಹತ್ತಿರಹತ್ತಿರ 2,900. ಘಾನಾದ ತೇಮಾಕ್ಕೆ ಹೋಗಬೇಕಾದರೆ? ಖಂಡದ ದಕ್ಷಿಣ ತುದಿಯನ್ನೇ ಸುತ್ತಿ, ಆಚೆ ಅಟ್ಲಾಂಟಿಕ್‌ನಲ್ಲಿ ಮೇಲೆ ಹತ್ತಬೇಕು, 9,000 ಕಿಲೋಮೀಟರಿಗೂ ಜಾಸ್ತಿ. ನಮ್ಮ ಮಂಗಳೂರಿನಿಂದ ಪೋರ್ಟ್ ಲೂಯಿಸ್‌ಗೆ 4,000ದ ಆಸುಪಾಸು. ಅಂದರೆ ಮಾರಿಷಸ್‌ನ ವ್ಯಾಪಾರಿಗೆ ಘಾನಾಕ್ಕಿಂತ ನಾವು ಹತ್ತಿರ. ಅರ್ಧಕ್ಕಿಂತ ಕಡಿಮೆ ದಾರಿ.

ಹತ್ತಿರ ಅನ್ನುವುದು ಸುಮ್ನೆ ಹೇಳುವ ಮಾತೂ ಅಲ್ಲ. 2006-07ರ ಹೊತ್ತಿನಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಾರಿಷಸ್‌ಗೆ ಪೆಟ್ರೋಲ್, ಡೀಸೆಲ್, ವಿಮಾನದ ಇಂಧನ ಎಲ್ಲ ಹೋಗಿದ್ದು ನಮ್ಮ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆಯಿಂದ. ಆ ಕಡೆ ಕೊಳ್ಳುತ್ತಿದ್ದದ್ದು ಅವರ ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್. ಈ ದಾರಿಗೆಂದೇ ರೆಡ್ ಈಗಲ್ ಎಂಬ ಟ್ಯಾಂಕರ್ ಕೂಡ ಓಡುತ್ತಿತ್ತು. ಪೋರ್ಟ್ ಲೂಯಿಸ್‌ನ ಬಸ್ಸು ಕಾರುಗಳು ವರ್ಷಗಟ್ಟಲೆ ಸುರತ್ಕಲ್ ಪಕ್ಕದ ಎಣ್ಣೆಯಲ್ಲಿ ಓಡಿವೆ. ಇಲ್ಲಿ ಕೂತಿರುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು?

ಮಾರಿಷಸ್ ತರಿಸುವುದು ಜಾಸ್ತಿ, ಕಳಿಸುವುದು ಕಡಿಮೆ. ಚೀನಾದಿಂದ, ಭಾರತದಿಂದ ತುಂಬಿ ಬಂದ ಕಂಟೇನರ್‌ಗಳು ಹೋಗುವಾಗ ಬಹುಪಾಲು ಖಾಲಿ. ಹಡಗು ಕಂಪನಿಗೆ ಆ ಖಾಲಿ ಡಬ್ಬಿಯನ್ನು ಮತ್ತೆ ಸರಕು ಸಿಗುವ ಏಷ್ಯಾದ ಕಡೆಗೆ ಓಡಿಸುವ ಅವಸರ. ನೀವು ಒಬ್ಬ ಸಣ್ಣ ಕಾರ್ಖಾನೆಯವರು, ಎರಡು ಕಂಟೇನರ್ ಮಾಲು ಮೊಂಬಾಸಾಕ್ಕೆ ಕಳಿಸಬೇಕು ಅನ್ನಿ. ನಿಮ್ಮ ಎರಡು ಕಂಟೇನರಿಗಾಗಿ ಹಡಗು ದಾರಿ ಬದಲಿಸುತ್ತದಾ? ಇಲ್ಲ. ನೇರ ಹಡಗು ಸಿಗದಿದ್ದರೆ ಇನ್ನೊಂದು ಬಂದರಿಗೆ ಹೋಗಿ, ಅಲ್ಲಿ ಇಳಿದು, ಕಾದು, ಬೇರೆ ಹಡಗು ಹತ್ತಬೇಕು. ಹತ್ತಿರದ ಊರಿಗೆ ಸುತ್ತಿ ಬಳಸಿ ಹೋಗುವ ಪಾಡು. ಅದರ ಮೇಲೆ ಚಂಡಮಾರುತದ ಕಾಟ, ಜನವರಿಯಿಂದ ಮಾರ್ಚ್‌ವರೆಗೆ ಜೋರು. ಎಚ್ಚರಿಕೆ ಬಂದರೆ ಬಂದರು ಮುಚ್ಚುತ್ತದೆ, ಹಡಗುಗಳು ಸಮುದ್ರಕ್ಕೆ ಹೋಗಿ ನಿಲ್ಲುತ್ತವೆ. ತಡವಾದರೆ ಮುಂದಿನ ಬಂದರಿನ ಜೋಡಿ ಹಡಗು ತಪ್ಪುತ್ತದೆ. ಅಂಗಡಿಯವನು ಹಂಗಾಮು ಮುಗಿದ ಮೇಲೆ ಬಂದ ಶರ್ಟನ್ನು ಇಟ್ಟುಕೊಳ್ಳುವುದಿಲ್ಲ.

ಇದಕ್ಕೆ ಮಾರಿಷಸ್ ಸರ್ಕಾರ ಏನು ಮಾಡಿತು? ಆಫ್ರಿಕಾದ ಬಂದರುಗಳಿಗೆ ಕಳಿಸುವ ಕಂಟೇನರ್‌ನ ಸಾಗಣೆ ಖರ್ಚಿನಲ್ಲಿ ಒಂದು ಪಾಲನ್ನು ರಫ್ತುದಾರರಿಗೆ ವಾಪಸ್ ಕೊಡುವ ಯೋಜನೆ ತಂದಿತು. ಕೊಂಡವನು ದುಡ್ಡು ಕೊಡದಿದ್ದರೆ ಎಂಬ ಭಯಕ್ಕೆ ರಫ್ತು ವಿಮೆ ಇದೆ, ಅದರ ಕಂತಿನಲ್ಲೂ ಸರ್ಕಾರ ಪಾಲು ಹಾಕಿತು. ಆಫ್ರಿಕಾದ ಕೆಲವು ಊರುಗಳಲ್ಲಿ ಗೋದಾಮು ಹಿಡಿಯುವವರಿಗೂ ನೆರವು ಕೊಟ್ಟಿತು. ಇವು ಸುದ್ದಿಯಾಗುವ ಕೆಲಸಗಳಲ್ಲ. ನನ್ನ ಕಣ್ಣಿಗೆ ಮಾತ್ರ ಹತ್ತು ಶೃಂಗಸಭೆಗಿಂತ ಇವೇ ದೊಡ್ಡವು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ನೆರವು ನಿಲ್ಲಿಸಿದ ದಿನ ಆ ಸರಕು ತನ್ನ ಕಾಲಮೇಲೆ ಹೋಗುತ್ತದಾ? ಹಡಗಿಗೆ ಹೋಗುವಾಗಲೂ ಬರುವಾಗಲೂ ಸರಕು ಸಿಗಬೇಕು. ಅಲ್ಲಿಯವರೆಗೆ ಸರ್ಕಾರ ಕೈಯಿಂದ ಕೊಡುತ್ತಲೇ ಇರಬೇಕಾಗುತ್ತದೆ.

ಬಂದರಿನ ಮಟ್ಟಿಗೆ ಇನ್ನೊಂದು ಲೆಕ್ಕವೂ ಇದೆ. ಪೋರ್ಟ್ ಲೂಯಿಸ್ ಏಷ್ಯಾ ಮತ್ತು ಆಫ್ರಿಕಾದ ನಡುವಿನ ದಾರಿಯಲ್ಲಿದೆ. ದೊಡ್ಡ ಹಡಗು ಇಲ್ಲಿ ಇಳಿಸಿ ಹೋದ ಕಂಟೇನರನ್ನು ಸಣ್ಣ ಫೀಡರ್ ಹಡಗು ಮಡಗಾಸ್ಕರ್‌ಗೆ, ಪಕ್ಕದ ರಿಯೂನಿಯನ್ ದ್ವೀಪಕ್ಕೆ ಒಯ್ಯುತ್ತದೆ. 1992ರಲ್ಲೇ ಫ್ರೀಪೋರ್ಟ್ ಅಂತ ಸುಂಕವಿಲ್ಲದ ವಲಯ ಮಾಡಿದರು. ಸರಕು ತಂದಿಟ್ಟು, ಬೇರೆ ಮಾಡಿ, ಚೀಟಿ ಹಚ್ಚಿ, ಮತ್ತೆ ಕಳಿಸಬಹುದು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ ಎಷ್ಟೋ ಹಡಗುಗಳು ಗುಡ್ ಹೋಪ್ ಭೂಶಿರ ಸುತ್ತಿ ಹೋಗತೊಡಗಿದವು. ಆಗ ಈ ದ್ವೀಪದ ಪಕ್ಕ ಓಡಾಟ ಹೆಚ್ಚಿತು, ಇಂಧನ ತುಂಬಿಸಿಕೊಳ್ಳಲು ಬರುವವರೂ ಹೆಚ್ಚಿದರು.

ಸಕ್ಕರೆಯ ಕಥೆ ಬೇರೆಯೇ ದಾರಿ ಹಿಡಿಯಿತು. ಕೀನ್ಯಾದಲ್ಲಿ ಸಕ್ಕರೆ ಸಾಲುವುದಿಲ್ಲ, ಹೊರಗಿನಿಂದ ತರಿಸುತ್ತಾರೆ. ಮಾರಿಷಸ್ ಹತ್ತಿರ ಸಕ್ಕರೆ ಇದೆ. ಇಬ್ಬರೂ ಕೊಮೆಸಾದವರು, ಸುಂಕ ಸೊನ್ನೆ. ಮತ್ತೇನು ಬೇಕು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಕೀನ್ಯಾದ ಪಶ್ಚಿಮದಲ್ಲಿ ಲಕ್ಷಾಂತರ ಕಬ್ಬಿನ ರೈತರಿದ್ದಾರೆ. ಅಲ್ಲಿಯ ಹಳೆಯ ಸರ್ಕಾರಿ ಕಾರ್ಖಾನೆಗಳು ಸಾಲದಲ್ಲಿ ಮುಳುಗಿದ್ದವು. ಹೊರಗಿನ ಅಗ್ಗದ ಸಕ್ಕರೆ ಬಿಟ್ಟರೆ ರೈತ ಸಾಯುತ್ತಾನೆ ಅಂತ ಕೀನ್ಯಾ ಕೊಮೆಸಾ ಹತ್ತಿರ ರಕ್ಷಣೆ ಕೇಳಿತು. ತಾತ್ಕಾಲಿಕ ಅಂತ ಸಿಕ್ಕಿದ ಆ ರಕ್ಷಣೆ ಮತ್ತೆ ಮತ್ತೆ ಮುಂದುವರಿದು ಇಪ್ಪತ್ತು ವರ್ಷ ದಾಟಿತು. ಇಷ್ಟಕ್ಕಿಂತ ಹೆಚ್ಚು ಸಕ್ಕರೆ ಒಳಗೆ ಬರಬಾರದು ಅಂತ ಮಿತಿ. ಮಂಡ್ಯದ ಕಡೆಯವರು ಯಾರಾದರೂ ಇಲ್ಲಿದ್ದರೆ ಅವರಿಗೆ ಕೀನ್ಯಾದ ರೈತನ ಸಂಕಟ ನಾನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮಟ್ಟಿಗೆ ಕೀನ್ಯಾ ಮಾಡಿದ್ದು ಅನ್ಯಾಯ ಅಲ್ಲ. ಸಿಕ್ಕ ಸಮಯದಲ್ಲಿ ಕಾರ್ಖಾನೆ ರಿಪೇರಿ ಮಾಡಿಕೊಳ್ಳಲಿಲ್ಲ ಅನ್ನುವುದು ತಪ್ಪು.

ಮಾರಿಷಸ್‌ನ ಸಕ್ಕರೆ ಕಂಪನಿಗಳು ಏನು ಮಾಡಿದವು ನೋಡಿ. ಮೂಟೆ ಕಳಿಸುವುದು ಕಷ್ಟವಾದರೆ ಅಲ್ಲಿಗೇ ಹೋಗಿ ಸಕ್ಕರೆ ಮಾಡೋಣ ಅಂದರು. ಕಿಲಿಮಂಜಾರೋ ಪರ್ವತದ ಬುಡದಲ್ಲಿ ಮೋಶಿ ಎಂಬ ಊರು, ಟಾಂಜಾನಿಯಾದ್ದು. ಅಲ್ಲಿಯ ಟಿಪಿಸಿ ಸಕ್ಕರೆ ಕಾರ್ಖಾನೆಯನ್ನು ಸರ್ಕಾರ 2000ದಲ್ಲಿ ಖಾಸಗಿಗೆ ಕೊಟ್ಟಾಗ ಮಾರಿಷಸ್ ಕಡೆಯ ಹೂಡಿಕೆದಾರರ ಕೂಟ ತೆಗೆದುಕೊಂಡಿತು. ಟಾಂಜಾನಿಯಾ ಸರ್ಕಾರ ಕಾಲುಭಾಗ ತನ್ನ ಹತ್ತಿರವೇ ಇಟ್ಟುಕೊಂಡಿತು. ಕೀನ್ಯಾದ ಕರಾವಳಿಯ ಕ್ವಾಲೆಯಲ್ಲಿ ಓಮ್ನಿಕೇನ್ ಎಂಬ ಮಾರಿಷಸ್ ಕಂಪನಿ ಅಲ್ಲಿಯವರ ಜೊತೆ ಪಾಲು ಹಾಕಿತು. ಕಬ್ಬಿನ ತಳಿ ತೆಗೆಯುವುದು, ನೀರು ಮಿತವಾಗಿ ಹಾಯಿಸುವುದು, ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ ಮಾಡಿ ಗ್ರಿಡ್‌ಗೆ ಮಾರುವುದು, ಇದರಲ್ಲೆಲ್ಲ ಮಾರಿಷಸ್‌ನವರು ಪಳಗಿದವರು. ಕಂಟೇನರಿಗೆ ಹಾಕಲಾಗದ ಈ ತಿಳಿವಳಿಕೆ ಸಕ್ಕರೆಗಿಂತ ಸುಲಭವಾಗಿ ಗಡಿ ದಾಟಿತು. ದ್ವೀಪದ ಸಣ್ಣ ರೈತನಿಗೆ ಇದರಿಂದ ಏನು ಸಿಕ್ಕಿತು ಎಂದು ಕೇಳಿದರೆ ನನ್ನ ಉತ್ತರ, ಹೆಚ್ಚೇನೂ ಇಲ್ಲ. ಕಂಪನಿಯ ಲಾಭ ಮನೆಗೆ ಬಂತು, ಅವನ ಹೊಲಕ್ಕೆ ಬರಲಿಲ್ಲ. ಆಫ್ರಿಕಾಕ್ಕೆ ಹೋಗುವ ಉತ್ಸಾಹದಲ್ಲಿ ಇದನ್ನು ಮರೆಯಬಾರದು.

ಮಡಗಾಸ್ಕರ್ ಬಗ್ಗೆ ಹೇಳದೆ ಈ ವಿಷಯ ಪೂರ್ತಿ ಆಗುವುದಿಲ್ಲ. ಮಾರಿಷಸ್‌ನಲ್ಲಿ ಕೂಲಿ ಏರಿತು. ಹೊಲಿಗೆ ಕಾರ್ಖಾನೆಗೆ ಬಾಂಗ್ಲಾದೇಶದಿಂದ ಕೆಲಸಗಾರರನ್ನು ಕರೆಸುವ ಸ್ಥಿತಿ ಬಂತು. ಇತ್ತ ಪಕ್ಕದಲ್ಲೇ ಮಡಗಾಸ್ಕರ್, ಜನ ಕೋಟಿಗಟ್ಟಲೆ, ಕೂಲಿ ಕಡಿಮೆ, ಫ್ರೆಂಚ್ ಭಾಷೆಯಲ್ಲಿ ವ್ಯವಹಾರ ನಡೆಯುತ್ತದೆ. 1990ರ ದಶಕದಿಂದ ಮಾರಿಷಸ್‌ನ ಬಟ್ಟೆ ಕಂಪನಿಗಳು ರಾಜಧಾನಿ ಅಂತನನರಿವೊ ಸುತ್ತ ಕಾರ್ಖಾನೆ ತೆರೆದವು. ಸ್ವೆಟರ್‌ನಂಥ ಕೈಕೆಲಸ ಜಾಸ್ತಿ ಇರುವ ಉಡುಪು ಅಲ್ಲಿ, ಯಂತ್ರ ಮತ್ತು ವಿನ್ಯಾಸದ ಕೆಲಸ ಮಾರಿಷಸ್‌ನಲ್ಲಿ. ನೂಲು, ಬಟ್ಟೆ, ಗುಂಡಿ, ಜಿಪ್ಪು ದ್ವೀಪದಿಂದ ದ್ವೀಪಕ್ಕೆ ಹೋಗುತ್ತವೆ, ಉಡುಪು ಹೊರಗೆ ಹೋಗುತ್ತದೆ.

ಆಮೇಲೆ 2009ರಲ್ಲಿ ಮಡಗಾಸ್ಕರ್‌ನಲ್ಲಿ ಅಧಿಕಾರ ಕಿತ್ತುಕೊಂಡರು. ಅಮೆರಿಕ ಆಫ್ರಿಕಾಕ್ಕೆ ಕೊಡುತ್ತಿದ್ದ ಅಗೋವಾ ಎಂಬ ಸುಂಕ ರಿಯಾಯಿತಿಯನ್ನು 2010ರ ಜನವರಿಯಿಂದ ಮಡಗಾಸ್ಕರ್‌ಗೆ ನಿಲ್ಲಿಸಿತು. ಮತ್ತೆ ಕೊಟ್ಟದ್ದು 2014ರಲ್ಲಿ. ನಡುವಿನ ಆ ವರ್ಷಗಳಲ್ಲಿ ಅಮೆರಿಕದ ಆರ್ಡರ್ ನಂಬಿಕೊಂಡಿದ್ದ ಕಾರ್ಖಾನೆಗಳಿಗೆ ಬೀಗ ಬಿತ್ತು. ಅಂತನನರಿವೊದ ಹೊಲಿಗೆಯ ಹೆಂಗಸು ಯಾವ ದಂಗೆಯನ್ನೂ ಮಾಡಿದವಳಲ್ಲ, ಅವಳ ಸಂಬಳ ಹೋಯಿತು. ಗಟ್ಟಿಯಾಗಿ ಉಳಿದವರು ದಕ್ಷಿಣ ಆಫ್ರಿಕಾ ಮತ್ತು ಯುರೋಪಿನ ಕೊಳ್ಳುಗರ ಕಡೆ ತಿರುಗಿದರು. ನೆರೆಯ ದೇಶದಲ್ಲಿ ದುಡ್ಡು ಹಾಕಿದರೆ ಅದರ ರಾಜಕೀಯದಲ್ಲೂ ಪಾಲು ಬರುತ್ತದೆ.

ಹಣದ ವಿಷಯಕ್ಕೆ ಬರುತ್ತೇನೆ. ಮಾರಿಷಸ್‌ನವನು ರುವಾಂಡಾದವನಿಗೆ ಮಾಲು ಕಳಿಸಿದ ಅನ್ನಿ. ರುವಾಂಡಾದವನ ಹತ್ತಿರ ಅವನ ದೇಶದ ಹಣ ಇದೆ. ಅದು ಡಾಲರ್ ಆಗಬೇಕು, ನ್ಯೂಯಾರ್ಕ್‌ನ ಯಾವುದೋ ಬ್ಯಾಂಕ್ ಸುತ್ತಿ ಪೋರ್ಟ್ ಲೂಯಿಸ್‌ಗೆ ಬರಬೇಕು. ಪ್ರತಿ ಹಂತದಲ್ಲೂ ಕಮಿಷನ್. ಇದನ್ನು ತಪ್ಪಿಸಲು ಕೊಮೆಸಾ 2012ರಲ್ಲಿ ರೆಪ್ಸ್ ಎಂಬ ಪಾವತಿ ವ್ಯವಸ್ಥೆ ಶುರು ಮಾಡಿತು. ಅದರ ಲೆಕ್ಕ ತೀರಿಸುವ ಬ್ಯಾಂಕು ಮಾರಿಷಸ್‌ನ ಕೇಂದ್ರ ಬ್ಯಾಂಕೇ. ಯೋಚನೆ ಬಹಳ ಒಳ್ಳೆಯದು. ಆದರೆ ಹಳೆಯ ದಾರಿಗೆ ಒಗ್ಗಿಹೋದ ಖಾಸಗಿ ಬ್ಯಾಂಕುಗಳು ಅದನ್ನು ಅಂದುಕೊಂಡಷ್ಟು ಬಳಸಲಿಲ್ಲ. 2022ರಲ್ಲಿ ಇಡೀ ಖಂಡಕ್ಕೆ ಪ್ಯಾಪ್ಸ್ ಎಂಬ ಇನ್ನೊಂದು ವ್ಯವಸ್ಥೆ ಬಂದಿದೆ. ವಿದ್ಯಾರ್ಥಿಗಳು ಇದರ ಮೇಲೆ ಕಣ್ಣಿಡಿ, ಮುಂದಿನ ದಿನಗಳಲ್ಲಿ ಓದಲು ಬಹಳ ಸಿಗುತ್ತದೆ.

ಇಲ್ಲಿ ಒಬ್ಬರು ಚೀಟಿ ಕಳಿಸಿ ಕೇಳಿದ್ದಾರೆ, ಮಾರಿಷಸ್ ಅಂದರೆ ತೆರಿಗೆ ತಪ್ಪಿಸುವ ಜಾಗ ಅಲ್ವಾ ಅಂತ. ನ್ಯಾಯವಾದ ಪ್ರಶ್ನೆ. ಭಾರತಕ್ಕೆ ಬಂದ ಬಂಡವಾಳದಲ್ಲಿ ದೊಡ್ಡ ಪಾಲು ವರ್ಷಗಟ್ಟಲೆ ಮಾರಿಷಸ್ ವಿಳಾಸದಿಂದ ಬಂತು, 2016ರಲ್ಲಿ ನಮ್ಮ ಸರ್ಕಾರ ತೆರಿಗೆ ಒಪ್ಪಂದವನ್ನು ತಿದ್ದಿತು. ಆಫ್ರಿಕಾದಲ್ಲೂ ಇದೇ ಅಸಮಾಧಾನ. ಕೀನ್ಯಾದ ಹೈಕೋರ್ಟ್ 2019ರಲ್ಲಿ ಮಾರಿಷಸ್ ಜೊತೆಗಿನ ತೆರಿಗೆ ಒಪ್ಪಂದವನ್ನು ತಳ್ಳಿಹಾಕಿತು. ಸೆನೆಗಲ್ ರದ್ದು ಮಾಡಿತು, ಜಾಂಬಿಯಾ ರದ್ದು ಮಾಡಿತು. ತಮ್ಮ ಗಣಿ, ತಮ್ಮ ಫೋನ್ ಕಂಪನಿಯ ಲಾಭ ಈ ದ್ವೀಪದ ಕಾಗದದ ಕಂಪನಿಗಳ ಮೂಲಕ ಹೋಗುತ್ತಿದೆ, ತಮಗೆ ತೆರಿಗೆ ಸಿಗುತ್ತಿಲ್ಲ ಅನ್ನುವುದು ಅವರ ದೂರು. 2020ರ ಫೆಬ್ರವರಿಯಿಂದ 2021ರ ಅಕ್ಟೋಬರ್‌ವರೆಗೆ ಮಾರಿಷಸ್ ಅಂತಾರಾಷ್ಟ್ರೀಯ ಹಣಕಾಸು ನಿಗಾ ಸಂಸ್ಥೆಯ ಬೂದು ಪಟ್ಟಿಯಲ್ಲಿಯೂ ಇತ್ತು, ಅಂದರೆ ಕಪ್ಪುಹಣ ತಡೆಯುವುದರಲ್ಲಿ ಲೋಪ ಇದೆ ಅಂತ ಕಣ್ಣಿಟ್ಟ ದೇಶಗಳ ಪಟ್ಟಿಯಲ್ಲಿ. ಒಂದೇ ದೇಶ, ಒಂದು ಕೈಯಲ್ಲಿ ಶರ್ಟು ಮಾರುತ್ತದೆ, ಇನ್ನೊಂದು ಕೈಯಲ್ಲಿ ತೆರಿಗೆಯ ನೆರಳು ಮಾರುತ್ತದೆ. ಎರಡನೆಯದರಿಂದ ಹುಟ್ಟಿದ ಅಪನಂಬಿಕೆ ಮೊದಲನೆಯದಕ್ಕೆ ಪೆಟ್ಟು ಕೊಡುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಶರ್ಟು ಮಾರುವವನ ಹಿಂದೆ ಕಾರ್ಖಾನೆ ಇದೆ, ಸಂಬಳ ಇದೆ. ನನಗೆ ಆ ದಾರಿಯೇ ಗೌರವದ್ದು ಅನ್ನಿಸುತ್ತದೆ.

ಆದರೂ ಅವರ ಬಲವನ್ನು ಹೇಳಲೇಬೇಕು. ಆಫ್ರಿಕಾದ ಅರ್ಧ ಭಾಗ ಇಂಗ್ಲಿಷಿನಲ್ಲಿ ವ್ಯವಹಾರ ಮಾಡುತ್ತದೆ, ಇನ್ನೊಂದು ದೊಡ್ಡ ಭಾಗ ಫ್ರೆಂಚಿನಲ್ಲಿ. ಮಾರಿಷಸ್‌ನ ಗುಮಾಸ್ತ ಎರಡರಲ್ಲೂ ಪತ್ರ ಬರೆಯುತ್ತಾನೆ, ಮನೆಯಲ್ಲಿ ಕ್ರಿಯೋಲ್ ಮಾತಾಡುತ್ತಾನೆ. ಕಾನೂನಿನಲ್ಲೂ ಫ್ರಾನ್ಸ್‌ದು ಅರ್ಧ, ಇಂಗ್ಲೆಂಡ್‌ದು ಅರ್ಧ. ನೈರೋಬಿಯ ವಕೀಲರಿಗೂ ಡಾಕಾರ್‌ನ ವಕೀಲರಿಗೂ ಅಲ್ಲಿಯ ಕರಾರು ಪತ್ರ ಪರಿಚಿತವಾಗಿ ಕಾಣುತ್ತದೆ. ಆಫ್ರಿಕಾದ ವಿದ್ಯಾರ್ಥಿಗಳಿಗೆ ಅಲ್ಲಿ ಓದಲು ಸರ್ಕಾರ ವಿದ್ಯಾರ್ಥಿವೇತನವನ್ನೂ ಕೊಡುತ್ತದೆ. ಅವರೇ ಊರಿಗೆ ಹೋಗಿ ನಾಳೆಯ ಕೊಳ್ಳುಗರಾಗುತ್ತಾರೆ.

ಇನ್ನು ಇಡೀ ಖಂಡದ ಮುಕ್ತ ವ್ಯಾಪಾರ ಒಪ್ಪಂದ. 2018ರ ಮಾರ್ಚ್‌ನಲ್ಲಿ ಕಿಗಾಲಿಯಲ್ಲಿ ಸಹಿ ಆಯಿತು. 55 ದೇಶಗಳಲ್ಲಿ ಎರಿಟ್ರಿಯಾ ಬಿಟ್ಟು ಉಳಿದವೆಲ್ಲ ಸಹಿ ಹಾಕಿವೆ. 2021ರ ಜನವರಿ 1ಕ್ಕೆ ವ್ಯಾಪಾರ ಶುರು ಅಂದರು. ನೂರು ಬಗೆಯ ಸರಕಿನಲ್ಲಿ ತೊಂಬತ್ತರ ಸುಂಕ ಮೊದಲು ಹೋಗಬೇಕು, ಏಳರದು ನಿಧಾನಕ್ಕೆ, ಮೂರು ಹೊರಗೇ ಉಳಿಯಬಹುದು. ನಿಜವಾಗಿ ಸರಕು ಓಡಾಡಲಿಲ್ಲ, ಯಾಕೆಂದರೆ ಯಾವ ಕಾಗದ, ಯಾವ ನಿಯಮ ಅನ್ನುವುದೇ ತೀರ್ಮಾನ ಆಗಿರಲಿಲ್ಲ. ಕೊನೆಗೆ 2022ರ ಅಕ್ಟೋಬರ್‌ನಲ್ಲಿ ಎಂಟು ದೇಶಗಳನ್ನು ಆರಿಸಿಕೊಂಡು ಪರೀಕ್ಷೆಗೆಂದು ಸರಕು ಕಳಿಸಿ ನೋಡಿದರು. ಆ ಎಂಟರಲ್ಲಿ ಮಾರಿಷಸ್ ಒಂದು. ಈ ಪರೀಕ್ಷೆ ನನಗೆ ಬಹಳ ಇಷ್ಟವಾದ ಕೆಲಸ. ಒಂದು ಕಂಟೇನರ್ ಕಳಿಸಿದರೆ ಸಾಕು, ಯಾವ ಕಚೇರಿಯಲ್ಲಿ ಯಾವ ಮುದ್ರೆ ಇಲ್ಲ ಅಂತ ಗೊತ್ತಾಗುತ್ತದೆ. ಬಟ್ಟೆಯ ಮೂಲದ ನಿಯಮ ಮಾತ್ರ ವರ್ಷಗಟ್ಟಲೆ ಜಗಳದಲ್ಲಿ ಸಿಕ್ಕಿಕೊಂಡಿತ್ತು. ಮಾರಿಷಸ್‌ಗೆ ಮುಖ್ಯವಾದದ್ದೇ ಅದು.

130 ಕೋಟಿಗೂ ಹೆಚ್ಚು ಜನರ ಮಾರುಕಟ್ಟೆ ಅಂತ ಭಾಷಣದಲ್ಲಿ ಹೇಳುತ್ತಾರೆ. ಈಚಿನ ವರ್ಷಗಳಲ್ಲಿ ಮಾರಿಷಸ್ ಸರಕು ರಫ್ತಿನ ಸುಮಾರು ಕಾಲುಭಾಗ ಆಫ್ರಿಕಾಕ್ಕೆ ಹೋಗುತ್ತದೆ, ಅದರಲ್ಲಿ ಹೆಚ್ಚಿನದು ದಕ್ಷಿಣ ಆಫ್ರಿಕಾ, ಮಡಗಾಸ್ಕರ್, ಕೀನ್ಯಾ ಈ ಮೂರಕ್ಕೇ. ಹನ್ನೆರಡು ಲಕ್ಷ ಜನರ ದೇಶಕ್ಕೆ 130 ಕೋಟಿ ಗಿರಾಕಿಗಳು ಬೇಕಾಗಿಯೂ ಇಲ್ಲ. ಡರ್ಬನ್‌ನ ಹತ್ತು ಖಾಯಂ ಕೊಳ್ಳುಗರು, ಮೊಂಬಾಸಾಕ್ಕೆ ವಾರಕ್ಕೊಂದು ನಂಬಿಕಸ್ಥ ಹಡಗು ಇದ್ದರೆ ದೊಡ್ಡದು.

ಕೊನೆಯ ಪ್ರಶ್ನೆ, ಹಿಂದಿನ ಸಾಲಿನ ಹುಡುಗಿಯದು: ಮಾರಿಷಸ್ ಆಫ್ರಿಕಾದಿಂದ ಏನು ಕೊಳ್ಳುತ್ತದೆ ಸರ್? ಇವತ್ತಿನ ಬಹಳ ಒಳ್ಳೆಯ ಪ್ರಶ್ನೆ. ದಕ್ಷಿಣ ಆಫ್ರಿಕಾ ಬಿಟ್ಟರೆ ಉಳಿದ ದೇಶಗಳಿಂದ ಕೊಳ್ಳುವುದು ಕಡಿಮೆಯೇ. ಆ ದ್ವೀಪ ತಿನ್ನುವುದರ ಮುಕ್ಕಾಲು ಪಾಲು ಹೊರಗಿನಿಂದ ಬರುತ್ತದೆ. 2023ರಲ್ಲಿ ಭಾರತ ಅಕ್ಕಿ ರಫ್ತು ನಿಲ್ಲಿಸಿದಾಗ ಅವರು ನಮ್ಮ ಸರ್ಕಾರದ ವಿಶೇಷ ಅನುಮತಿಗೆ ಕಾಯಬೇಕಾಯಿತು. ಆದರೆ ಒಂದು ಹಳೆಯ ವ್ಯಾಪಾರ ಇದೆ. ಮಡಗಾಸ್ಕರ್‌ನ ನೈಋತ್ಯದಲ್ಲಿ ತೊಲಿಯಾರಾ ಕಡೆ ನಮ್ಮ ಅವರೆಯಂಥ ದೊಡ್ಡ ಬಿಳಿ ಕಾಳು ಬೆಳೆಯುತ್ತಾರೆ. ಮಾರಿಷಸ್‌ನ ಮನೆಗಳಲ್ಲಿ ಅದರ ಸಾರು ಮಾಡಿ ಅನ್ನದ ಜೊತೆ ತಿನ್ನುತ್ತಾರೆ. ಯಾವ ಮುಕ್ತ ವ್ಯಾಪಾರ ಒಪ್ಪಂದಕ್ಕೂ ಮೊದಲಿನಿಂದ ಆ ಕಾಳು ಸಮುದ್ರ ದಾಟಿ ಬರುತ್ತಿದೆ. ಅಂಥ ಇನ್ನೂ ನಾಲ್ಕಾರು ಸರಕು ಮಡಗಾಸ್ಕರ್‌ನಿಂದ, ಮೊಜಾಂಬಿಕ್‌ನಿಂದ ಬಂದರೆ ಬಟ್ಟೆ, ನೂಲು ಇಳಿಸಲು ಹೋದ ಫೀಡರ್ ಹಡಗು ತುಂಬಿಯೇ ವಾಪಸ್ ಬರುತ್ತದೆ, ಎರಡೂ ಕಡೆಯ ಬಾಡಿಗೆ ಇಳಿಯುತ್ತದೆ, ಸರ್ಕಾರ ಸಾಗಣೆಗೆ ಕೈಯಿಂದ ಕೊಡುವ ದುಡ್ಡೂ ಉಳಿಯುತ್ತದೆ. ಅದಕ್ಕೆ ತೊಲಿಯಾರಾದ ರೈತನ ಕಾಳು ಹುಳ ಬೀಳದಂತೆ ಇಡುವ ಗೋದಾಮು, ಪೋರ್ಟ್ ಲೂಯಿಸ್‌ನಲ್ಲಿ ಬೇಗ ತಪಾಸಣೆ ಮಾಡುವ ಪ್ರಯೋಗಾಲಯ ಬೇಕು. ನಿಮ್ಮಲ್ಲಿ ಯಾರಾದರೂ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ಇದನ್ನೇ ತೆಗೆದುಕೊಳ್ಳಿ.